ಭಂಡಾರದ ಹಳದಿ, ತಾಮ್ರದ ಹಳದಿ

ಪಶು ದವಾಖಾನೆಯ ನೌಕರಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು ಇದು: ಕುರಿಯ ಕಣ್ಣು ನೋಡುವ ಮುಂಚೆ ಅದರ ಮುಖ ತೊಳೆಯಿರಿ. ಯಾವ ಟ್ರೇನಿಂಗಿನಲ್ಲೂ ಇದನ್ನು ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ. ಹನ್ನೊಂದು ಕುರಿ ಸತ್ತ ಮೇಲೆ ನಾನಾಗಿ ಕಲಿತೆ.

ನಾನು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಮೂಡಣ ಸೀಮೆಯಲ್ಲಿ ಪಶುಧನ ಪರ್ಯವೇಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಹೆಸರು ದೊಡ್ಡದು, ಕೆಲಸ ಸಣ್ಣದು. ಡಾಕ್ಟರ್ ಸಾಹೇಬರ ಕೈಕೆಳಗೆ ಲಸಿಕೆ ಹಾಕುವುದು, ಗಾಯ ಕಟ್ಟುವುದು, ಆಕಳಿಗೆ ಕೃತಕ ಗರ್ಭಧಾರಣೆ ಮಾಡುವುದು, ಉಳಿದ ವೇಳೆಯಲ್ಲಿ ರಜಿಸ್ಟರ್ ತುಂಬುವುದು. ಊರವರು ಮಾತ್ರ ನನ್ನನ್ನೂ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಮೊದಮೊದಲು "ನಾ ಡಾಕ್ಟರ್ ಅಲ್ರಿ" ಎನ್ನುತ್ತಿದ್ದೆ. ಎರಡು ವರ್ಷ ಕಳೆದ ಮೇಲೆ ಹಾಗೆ ಹೇಳುವುದನ್ನು ಬಿಟ್ಟೆ. ನನ್ನ ಕೇಡುಗಾಲ ಅಲ್ಲಿಂದಲೇ ಶುರುವಾಯಿತು ಎಂದು ಈಗ ಅನ್ನಿಸುತ್ತದೆ.

ನನ್ನ ಬಡ್ತಿ, ಬದಲಿ, ಬೀಳ್ಕೊಡುಗೆಯ ಶಾಲು ಇವನ್ನೆಲ್ಲ ಬರೆಯುವುದಿಲ್ಲ. ಅವು ಎಲ್ಲರಿಗೂ ಆಗುತ್ತವೆ. ದೇಹಕ್ಕೆ ಸಾಸಿವೆಯಷ್ಟೇ ಬೇಕಾಗುವ ಕೆಲವು ಲೋಹಗಳು, ತಾಮ್ರ, ಸತು, ಸೆಲೆನಿಯಂ, ನನ್ನನ್ನು ಮೊದಲು ಹೇಗೆ ಮೇಲೆ ಹತ್ತಿಸಿದವು, ಆಮೇಲೆ ಹೇಗೆ ಕೆಳಗೆ ಕೆಡವಿದವು ಎಂಬುದನ್ನು ಬರೆಯುತ್ತೇನೆ.

ಹತ್ತಿದ್ದು ಕುಣಿಕೋಣೂರಿನಲ್ಲಿ. ಆ ವರ್ಷ ಹಸಿರೆಂಬುದು ಕಣ್ಣಿಗೆ ಬಿದ್ದಿರಲಿಲ್ಲ. ಕುರಿಗಳು ಆರು ತಿಂಗಳಿಂದ ಬರೀ ಜೋಳದ ಒಣ ಕಣಿಕೆ ತಿಂದು ಮರಿ ಹಾಕಿದ್ದವು. ಮರಿಗಳು ಹುಟ್ಟುವಾಗ ಗಟ್ಟಿಮುಟ್ಟಾಗಿರುತ್ತಿದ್ದವು, ಎರಡು ವಾರಕ್ಕೆ ಹಿಂಗಾಲು ಸೆಟೆದು ನಿಲ್ಲಲಾರದೆ ಬೀಳುತ್ತಿದ್ದವು. ಹಾಲು ಬಾಯಿಗೆ ಹಿಡಿದರೆ ಕುಡಿಯುತ್ತಿದ್ದವು, ಕಣ್ಣು ಚುರುಕಾಗಿಯೇ ಇರುತ್ತಿತ್ತು. "ಗಾಳಿ ಬಡದೈತ್ರಿ" ಎಂದು ಊರವರು ತಾಯಿತ ಕಟ್ಟಿದ್ದರು. ನಾನು ಜ್ವರದ ಸೂಜಿ ಹಾಕಿದೆ. ತಾಯಿತ ಎಷ್ಟು ಕೆಲಸ ಮಾಡಿತೋ ನನ್ನ ಸೂಜಿಯೂ ಅಷ್ಟೇ ಮಾಡಿತು.

ಆಗ ನಮ್ಮಲ್ಲಿದ್ದವರು ಕದಮ ಸಾಹೇಬರು. ಮರಾಠಿ ಮಾತಿನವರು, ಆದರೆ ಕುರಿ ಕಾಯುವವರ ಜೊತೆ ಓಡಾಡಿ ಕನ್ನಡ ಕಲಿತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಒಂದು ಸತ್ತ ಮರಿಯ ತೊಡೆ ಸೀಳಿ ನನಗೆ ತೋರಿಸಿದರು. ಕೆಂಪಗಿರಬೇಕಾದ ಮಾಂಸದಲ್ಲಿ ಬೇಯಿಸಿದ ಹಾಗೆ ಬೆಳ್ಳಗಿನ ಪಟ್ಟಿಗಳಿದ್ದವು.

"ನೋಡು ಶಿವಲಿಂಗಪ್ಪ, ಒಲಿ ಉರದ್ರ ಕಿಡಿ ಹಾರತಾವಿಲ್ಲೋ? ಮೈಯಾಗೂ ಹಂಗ. ತಿಂದದ್ದು ಉರಿಯೂ ಮುಂದ ಕಿಡಿ ಹಾರತಾವ. ಹಾರಿದ್ದು ಮಾಂಸಕ್ಕ ಬೀಳಬಾರ್ದು ಅಂತ ಮೈಯಾಗ ಕಾವಲಿನವ್ರು ಇರ್ತಾರ. ಒಬ್ಬಾಂವ ಕಿಡಿ ಹೊಡದು ಕೆಂಡಾ ಮಾಡತಾನ, ಅವಂಗ ತಾಮ್ರ, ಸತು ಬೇಕು. ಇನ್ನೊಬ್ಬಾಂವ ಆ ಕೆಂಡಕ್ಕ ನೀರ ಹಾಕತಾನ, ಅವಂಗ ಸೆಲೆನಿಯಂ ಬೇಕು. ಹಸರ ಮೇವಿನಾಗಿನ ಇ ಜೀವಸತ್ವಾ ಅವ್ರಿಬ್ಬರ ಜೋಡೀದಾರ. ಇಲ್ಲಿ ಹಸರೂ ಇಲ್ಲ, ಸೆಲೆನಿಯಮ್ಮೂ ಸಾಲವಲ್ದು. ಮರಿ ಓಡಾಡಿದಷ್ಟೂ ಅದರ ಮಾಂಸ ಸುಡಾಕತ್ತೈತಿ."

ಈ ಕಾವಲಿನವರಿಗಿರುವ ಆಂಟಿಆಕ್ಸಿಡೆಂಟ್ ಎಂಬ ಹೆಸರನ್ನು ಆಮೇಲೆ ನಾನು ಎಷ್ಟೋ ಡಬ್ಬಿಗಳ ಮೇಲೆ, ಎಷ್ಟೋ ಜಾಹೀರಾತುಗಳಲ್ಲಿ ಓದಿದ್ದೇನೆ. ಆ ದಿನ ಸತ್ತ ಮರಿಯ ತೊಡೆಯ ಮುಂದೆ ಕುಳಿತು ಕೇಳಿದಷ್ಟು ಸ್ಪಷ್ಟವಾಗಿ ಯಾವುದೂ ಹೇಳಿಲ್ಲ.

ಸಾಹೇಬರು ಸಾಂಗಲಿಯಿಂದ ಸೆಲೆನಿಯಂ ಮತ್ತು ಇ ಜೀವಸತ್ವ ಬೆರೆಸಿದ ಔಷಧಿ ತರಿಸಿದರು. ಹಾಕುವಾಗ ನನ್ನ ಕೈ ಹಿಡಿದುಕೊಂಡೇ ಇದ್ದರು. "ಇಷ್ಟ, ಹನಿ ಹೆಚ್ಚಾಗಬಾರ್ದು. ಕಾವಲಿನವ್ರು ಅಂತ ಊರ ತುಂಬ ಕಾವಲಿನವ್ರನ್ನ ತುಂಬಿದ್ರ ಅವ್ರ ದರೋಡಿ ಮಾಡತಾರ." ನಾನು ನಕ್ಕೆ. ಮರಿಗಳಲ್ಲಿ ಬಹುಪಾಲು ನಾಲ್ಕು ದಿನದಲ್ಲಿ ಎದ್ದು ನಿಂತವು. ಸೂಜಿ ಹಾಕಿದ ಕೈ ನನ್ನದಾದ್ದರಿಂದ ಹೆಸರೂ ನನ್ನದೇ ಆಯಿತು. ಸಾಹೇಬರ ಆ ಮಾತನ್ನು ನಾನು ನಗೆಯಲ್ಲೇ ಬಿಟ್ಟುಬಿಟ್ಟೆ.

ಎರಡನೆಯ ಏಣಿ ಸನಮಡಿಯಲ್ಲಿ ಸಿಕ್ಕಿತು. ಅಲ್ಲಿನ ಒಬ್ಬರ ಕರಿ ಎಮ್ಮೆ ತುಕ್ಕು ಹಿಡಿದ ತಗಡಿನ ಬಣ್ಣಕ್ಕೆ ತಿರುಗಿತ್ತು, ಎರಡು ವರ್ಷವಾದರೂ ಬೆದೆಗೆ ಬಂದಿರಲಿಲ್ಲ. ತಾಮ್ರ ಕಡಿಮೆಯಾದರೆ ಕೂದಲು ಕಪ್ಪು ಕಳೆದುಕೊಳ್ಳುತ್ತದೆ ಎಂದು ಸಾಹೇಬರಿಂದ ಕೇಳಿದ್ದೆ. ದವಾಖಾನೆಯಲ್ಲಿದ್ದ ಖನಿಜ ಮಿಶ್ರಣದ ಪುಡಿ ಕೊಟ್ಟು, ದಿನಾ ಹಿಟ್ಟಿನಲ್ಲಿ ಕಲಸಿ ಹಾಕಲು ಹೇಳಿದೆ. ಹೊಸ ಕೂದಲು ಕಾಡಿಗೆಯ ಹಾಗೆ ಬಂತು. ಎಮ್ಮೆ ಗಬ್ಬವೂ ಆಯಿತು. ಮಾಲೀಕರು ಅದನ್ನು ಊರ ತುಂಬ ಓಡಾಡಿಸಿದರು ಎಂದರೆ ತಪ್ಪಿಲ್ಲ.

ಅಲ್ಲಿಂದ ನಾನು ಪುಡಿ ಡಾಕ್ಟರನಾದೆ. ಆಕಳು ಕಲ್ಲು ನೆಕ್ಕಿದರೆ ಪುಡಿ. ಕರು ಸೊರಗಿದರೆ ಪುಡಿ. ನನ್ನ ಮೋಟಾರ್ ಸೈಕಲ್ಲಿನ ಚೀಲದಲ್ಲಿ ಸಿರಿಂಜಿಗಿಂತ ಪುಡಿಯ ಪೊಟ್ಟಣಗಳೇ ಹೆಚ್ಚಿರುತ್ತಿದ್ದವು. ಸಾಹೇಬರು ಒಂದೆರಡು ಸಲ "ಎಲ್ಲಾದಕ್ಕೂ ಒಂದ ಔಷಧ ಆದ್ರ ನಾ ಯಾಕ ಓದ್ಬೇಕಾಗಿತ್ತು?" ಎಂದು ಚುಚ್ಚಿದರು. ಹೊಟ್ಟೆಕಿಚ್ಚು ಎಂದುಕೊಂಡೆ. ಹೌದು, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಹಾಗೆಯೇ ಅಂದುಕೊಂಡೆ.

ಉಟಗಿಯ ಹೊರಗೆ ಒಂದು ವಸ್ತಿಯಲ್ಲಿ ಬೀರಪ್ಪ ಮತ್ತು ಮಾಳವ್ವ ಎಂಬ ಗಂಡ ಹೆಂಡತಿ ಇದ್ದರು. ಅರವತ್ತು ಕುರಿ. ಹಿಂಡು ಬೀರಪ್ಪನದೆಂದು ಹೊರಗಿನವರು ತಿಳಿದಿದ್ದರೂ ಅದರ ಬೇರು ಮಾಳವ್ವನದು. ಮದುವೆಯಲ್ಲಿ ತವರಿನವರು ಬಳುವಳಿಯಾಗಿ ಐದು ಕುರಿ ಕೊಟ್ಟಿದ್ದರು. ಹಿಂಡಿನ ಮುಕ್ಕಾಲು ಪಾಲು ಆ ಐದರ ಸಂತಾನ. ಅವುಗಳಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಒಂದು ಮುದಿ ಕುರಿಗೆ ಚಂದ್ರಿ ಎಂದು ಹೆಸರು. ಮಾಳವ್ವ ಕರೆದರೆ ಹಿಂಡು ಬಿಟ್ಟು ಅದೊಂದೇ ಬರುತ್ತಿತ್ತು. ಮಾಳವ್ವನಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ. ಚಂದ್ರಿಯ ಬಗ್ಗೆ ಮಾತಾಡಿದ್ದು ಮಾತ್ರ ಬಹಳ.

ಒಂದು ಶ್ರಾವಣದಲ್ಲಿ ಲಸಿಕೆ ಹಾಕಲು ಹೋದಾಗ ಕುರಿಗಳ ಉಣ್ಣೆ ಉದುರುತ್ತಿದೆ ಎಂದು ಮಾಳವ್ವ ತೋರಿಸಿದರು. ನನ್ನ ಕೈ ತಾನಾಗಿ ಚೀಲಕ್ಕೆ ಹೋಯಿತು.

"ಉಪ್ಪಿನಾಗ ಕಲಸಿ ದಿನಾ ಸಂಜಿಕ ನೆಕ್ಕಸ್ರಿ ಅವ್ವಾರ. ಒಂದ ದಿನಾನೂ ತಪ್ಪಸಬ್ಯಾಡ್ರಿ."

"ಎಷ್ಟ ದಿವಸ್ರಿ?"

"ನಾ ಸಾಕು ಅನ್ನೂತನಕ."

ಚೀಲದ ಮೇಲೆ ಆಕಳು ಎಮ್ಮೆಯ ಚಿತ್ರವಿತ್ತು. ಕೆಳಗೆ ಮರಾಠಿಯಲ್ಲಿ ಗೋವು ಮತ್ತು ಎಮ್ಮೆಗಳಿಗೆ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ನಾನು ದಿನಾ ನೋಡುತ್ತಿದ್ದೆ. ಆಕಳಿಗೆ ಒಳ್ಳೆಯದಾದದ್ದು ಕುರಿಗೆ ಒಳ್ಳೆಯದಲ್ಲವೇ, ಪ್ರಮಾಣ ಕಡಿಮೆ ಮಾಡಿದರಾಯಿತು ಎಂಬುದು ನನ್ನ ಲೆಕ್ಕ. ಅದೇ ವಾರ ಆ ಸೀಮೆಯ ಇನ್ನೂ ನಾಲ್ಕು ಹಿಂಡುಗಳಿಗೆ ಪುಡಿ ಹಂಚಿದೆ. ಹಂಚಿ ಮರೆತೆ. "ಸಾಕು" ಎಂದು ಹೇಳಲು ನಾನು ಮತ್ತೆ ಹೋಗಲೇ ಇಲ್ಲ.

ದೀಪಾವಳಿ ಪಾಡ್ಯದ ದಿನ ನಮ್ಮ ಸೀಮೆಯ ಹಾಲುಮತದವರು ಕುರಿಗಳ ಮೈ ತೊಳೆದು, ಹಣೆ, ಮುಖ, ಬೆನ್ನಿಗೆಲ್ಲ ಭಂಡಾರ ಬಳಿದು ಪೂಜೆ ಮಾಡುತ್ತಾರೆ. ಭಂಡಾರವೆಂದರೆ ಅರಿಸಿನ ಪುಡಿ, ಅವರಿಗೆ ದೇವರ ಪ್ರಸಾದ. ಪೂಜೆಯಾದ ಮೇಲೆ ಡೊಳ್ಳು ಬಾರಿಸಿ ಹಿಂಡನ್ನು ಬೆದರಿಸಿ ಓಡಿಸುತ್ತಾರೆ. ಕುರಿ ಎಷ್ಟು ಎತ್ತರ ಜಿಗಿದರೆ ಆ ವರ್ಷ ಅಷ್ಟು ಚಲೋ. ಮಾರನೆಯ ದಿನ ಬೀರಪ್ಪ ವಡಾಪ ಜೀಪಿನಲ್ಲಿ, ಅಂದರೆ ಮಂದಿ ತುಂಬಿಕೊಂಡು ಓಡುವ ಬಾಡಿಗೆ ಜೀಪಿನಲ್ಲಿ, ಬಂದು ದವಾಖಾನೆಯ ಮೆಟ್ಟಿಲಲ್ಲಿ ನಿಂತ.

"ಡಾಕ್ಟರ್ರಿ, ನಿನ್ನಿ ಓಡಿಸಿದ್ವಿರಿ. ಇವತ್ತ ಎರಡ ಕುರಿ ಬಿದ್ದಾವ್ರಿ. ನಾಕೈದು ಮೇವ ಮುಟ್ಟವಲ್ಲವು. ಲಗೂನ ಬರ್ರಿ."

ಸಾಹೇಬರು ಸಭೆಗೆಂದು ಸಾಂಗಲಿಗೆ ಹೋಗಿದ್ದರು. ನಾನು ಹೋದೆ. ಕುರಿಗಳು ತಲೆ ಇಳಿಬಿಟ್ಟು ಏದುಸಿರು ಬಿಡುತ್ತ ನಿಂತಿದ್ದವು. ಕೆಳಗಿನ ರೆಪ್ಪೆ ಎಳೆದು ನೋಡಿದೆ. ಹಳದಿ. ಮೂತಿಯೂ ಹಳದಿ, ಕಿವಿಯೂ ಹಳದಿ, ರೆಪ್ಪೆ ಎಳೆದ ನನ್ನ ಬೆರಳೂ ಹಳದಿ. ಭಂಡಾರ ಕಣ್ಣಿಗೆ ಬಿದ್ದಿದೆ ಎಂದುಕೊಂಡೆ. ಮಾಳವ್ವ, "ಉಚ್ಚಿ ಕೆಂಪ ಮಾಡಾಕತ್ತಾವ್ರಿ" ಎಂದರು. ಓಡಿದ ದಣಿವಿಗೆ ಹಾಗಾಗುತ್ತದೆ ಎಂದು ಸಮಾಧಾನ ಹೇಳಿ, ಶಕ್ತಿಯ ಸೂಜಿ ಹಾಕಿ ಹೊರಟೆ. ಹೊರಡುವಾಗ ಇನ್ನೊಂದು ಮಾತು ಹೇಳಿದೆ. ಅದನ್ನು ಬರೆಯಲು ಈಗಲೂ ಕೈ ತಡೆಯುತ್ತದೆ. "ಪುಡಿ ಬಿಡಬ್ಯಾಡ್ರಿ" ಎಂದೆ.

ಮೂರನೆಯ ದಿನ ಸಾಹೇಬರು ಮರಳಿ ಬರುವ ಹೊತ್ತಿಗೆ ಒಂಬತ್ತು ಸತ್ತಿದ್ದವು. ನನ್ನನ್ನು ಹಿಂದೆ ಕೂರಿಸಿಕೊಂಡು ತಾವೇ ಗಾಡಿ ಓಡಿಸಿದರು. ಹಟ್ಟಿಗೆ ಹೋದವರು ಸೂಜಿ ಕೇಳಲಿಲ್ಲ, ಒಂದು ತಂಬಿಗೆ ನೀರು ಕೇಳಿದರು. ಮಲಗಿದ್ದ ಚಂದ್ರಿಯ ಮುಖ ತೊಳೆದು, ಕರವಸ್ತ್ರದಿಂದ ಒರೆಸಿ, ತುಟಿ ಎತ್ತಿದರು. ಒಳಗಿನ ವಸಡು ಹಣ್ಣಾದ ನಿಂಬೆಕಾಯಿಯ ಬಣ್ಣಕ್ಕಿತ್ತು.

"ವಸಡಿಗ್ಯಾರ ಭಂಡಾರ ಹಚ್ಚತಾರೇನೋ ಶಿವಲಿಂಗಪ್ಪ?"

ಸತ್ತ ಕುರಿಯೊಂದನ್ನು ಅಲ್ಲೇ ಕೊಯ್ದರು. ಕೊಬ್ಬು ಹಳದಿ, ಮೂತ್ರಪಿಂಡ ಕಬ್ಬಿಣದಷ್ಟು ಕಪ್ಪು, ಮೂತ್ರಚೀಲದಲ್ಲಿ ಹಾಲಿಲ್ಲದ ಚಹಾದ ಬಣ್ಣದ ನೀರು. ಸಾಹೇಬರು ಕೈ ತೊಳೆಯುತ್ತ ಮಾಳವ್ವನನ್ನು ಕೇಳಿದರು, "ಅವ್ವಾ, ಇವಕ್ಕ ಏನರ ಹೊಸಾದು ತಿನಸೀರೇನು?"

ಮಾಳವ್ವ ಒಳಗೆ ಹೋಗಿ ಡಬ್ಬಿ ತಂದರು. ನಾನು ಕೊಟ್ಟ ಪುಡಿ. ತೀರಿದಾಗಲೆಲ್ಲ ಗಂಡನನ್ನು ದವಾಖಾನೆಗೆ ಕಳಿಸಿ ಮತ್ತೆ ತರಿಸಿದ್ದರು. ನಾನೇ ಎಣಿಸದೆ ಕೊಟ್ಟು ಕಳಿಸಿದ್ದೆ. ಆ ಡಬ್ಬಿಗೂ ಪಾಡ್ಯಕ್ಕೆ ಭಂಡಾರ ಹಚ್ಚಿದ್ದರು.

ಮರಳುವ ದಾರಿಯಲ್ಲಿ ಸಾಹೇಬರು ಹೇಳಿದ್ದನ್ನು ನಿಮಗಾಗಿ ಇಲ್ಲಿ ಹೇಳುತ್ತೇನೆ. ಆಕಳ ಮೈಯಲ್ಲಿ ತಾಮ್ರ ಹೆಚ್ಚಾದರೆ ಬಹಳಷ್ಟು ಪಿತ್ತದ ಜೊತೆ ಹೊರಗೆ ಹೋಗುತ್ತದೆ. ಕುರಿಗೆ ಆ ಹಾದಿ ಕಿರಿದು. ಅದು ಹೆಚ್ಚಿನ ತಾಮ್ರವನ್ನು ಯಕೃತ್ತಿನಲ್ಲಿ ಕೂಡಿಡುತ್ತಾ ಹೋಗುತ್ತದೆ. ವಾರ, ತಿಂಗಳು ಏನೂ ಕಾಣುವುದಿಲ್ಲ. ಕುರಿ ಮೇಯುತ್ತದೆ, ಆಡುತ್ತದೆ. ಒಂದು ದಿನ ಹೆದರಿಕೆ, ಓಟ, ದೂರದ ಪ್ರಯಾಣ ಏನಾದರೂ ಆದರೆ ಯಕೃತ್ತು ಒಡೆದು ಆ ತಾಮ್ರವೆಲ್ಲ ಒಮ್ಮೆಗೇ ರಕ್ತಕ್ಕೆ ಬರುತ್ತದೆ. ಕಾವಲಿನವನ ಕೈಯಲ್ಲಿದ್ದಾಗ ಕಿಡಿ ಆರಿಸುತ್ತಿದ್ದ ಅದೇ ತಾಮ್ರ, ಬಿಡಿಯಾಗಿ ಓಡಾಡಿದಾಗ ತಾನೇ ಕಿಡಿ ಹಚ್ಚುತ್ತದೆ. ಕೆಂಪು ರಕ್ತಕಣಗಳು ಸುಟ್ಟು ಒಡೆಯುತ್ತವೆ. ಕಣ್ಣು ಹಳದಿಯಾಗುವುದು, ಮೂತ್ರ ಕೆಂಪಾಗುವುದು ಅದಕ್ಕೇ.

"ಉಳದ ನಾಕ ಹಿಂಡಿಗೆ ಯಾಕ ಏನೂ ಆಗ್ಲಿಲ್ರಿ?" ಎಂದು ಕೇಳಿದೆ.

"ಹೋಗಿ ಕೇಳು."

ಕೇಳಿದೆ. ಒಬ್ಬರು ಪುಡಿಯನ್ನು ಎಮ್ಮೆಗೆ ಹಾಕಿದ್ದರು. ಇಬ್ಬರು ಎಂಟು ದಿನ ನೆಕ್ಕಿಸಿ ಬೇಸರವಾಗಿ ಬಿಟ್ಟಿದ್ದರು. ಇನ್ನೊಬ್ಬರ ಮನೆಯಲ್ಲಿ ಪೊಟ್ಟಣ ಕಟ್ಟಿದ ಹಾಗೇ ಗೂಡಿನಲ್ಲಿತ್ತು. ನನ್ನ ಮಾತನ್ನು ಗಾಳಿಗೆ ತೂರಿದವರ ಕುರಿಗಳೆಲ್ಲ ಉಳಿದವು. ಕೇಳಿದವರ ಕುರಿ ಸತ್ತವು. ನಮ್ಮ ನೌಕರಿಯಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಸಾಹೇಬರು ನನ್ನ ಮುಂದೆ ವರದಿಯ ಕಾಗದ ಇಟ್ಟು, "ಏನ ಬರೀಲಿ? ಕಣಿಕ್ಯಾಗ ವಿಷ ಇತ್ತಂತ ಬರದ್ರೂ ಯಾರೂ ಕೇಳೂದಿಲ್ಲ" ಎಂದರು. ನನ್ನನ್ನು ಪರೀಕ್ಷಿಸಿದರೋ, ಉಳಿಸಲು ನೋಡಿದರೋ, ಅವರು ತೀರಿಕೊಳ್ಳುವ ತನಕ ಕೇಳುವ ಧೈರ್ಯ ನನಗೆ ಬರಲಿಲ್ಲ. ಖರೆ ಇದ್ದದ್ದು ಬರೀರಿ ಎಂದೆ. ಬರೆದರು. ನನಗೆ ಮೆಮೊ ಬಂತು, ಒಂದು ವರ್ಷದ ವೇತನವೃದ್ಧಿ ನಿಂತಿತು. ಅದು ಸುಲಭದ ಭಾಗ.

ಕಷ್ಟದ್ದು, ಕುರಿ ಕೊಯ್ದು ನೋಡಿದ ಮಾರನೆಯ ಬೆಳಿಗ್ಗೆ. ಹಟ್ಟಿಯ ಮುಂದೆ ನೆರೆಹೊರೆಯ ಕುರಿಗಾರರೆಲ್ಲ ಸೇರಿದ್ದರು. ಪೂಜೆಯಲ್ಲಿ ಏನೋ ತಪ್ಪಾಯಿತು, ದೇವರು ಮುನಿದ ಎಂದು ಮಾತು ನಡೆದಿತ್ತು. ಮಾಳವ್ವ ಪಾಡ್ಯದ ದಿನ ಮಡಿಯಲ್ಲಿದ್ದರೋ ಇಲ್ಲವೋ ಎಂಬ ತನಕ ಬಂದಿತ್ತು. ಹೆಂಡತಿಯ ಮುಖ ನೋಡದೆ ಬೀರಪ್ಪ ನೆಲ ಕೆರೆಯುತ್ತ ಕುಳಿತಿದ್ದ. ಸುಮ್ಮನಿದ್ದರೆ ತಪ್ಪು ದೇವರ ತಲೆಗೋ ಮಾಳವ್ವನ ತಲೆಗೋ ಹೋಗುತ್ತಿತ್ತು, ನಾನು ಡಾಕ್ಟರನಾಗಿಯೇ ಉಳಿಯುತ್ತಿದ್ದೆ. ಒಂದು ಗಳಿಗೆ ಆಸೆಯಾಯಿತು, ಸುಳ್ಳು ಹೇಳುವುದಿಲ್ಲ.

"ಪೂಜಾದಾಗ ಚೂಕ ಇಲ್ರಿ," ಎಂದೆ. "ಅವ್ವಾರದೂ ಚೂಕ ಇಲ್ಲ. ನಾ ಕೊಟ್ಟ ಪುಡಿ ದನದ್ದು, ಕುರೀದಲ್ಲ. ಅದರಾಗಿನ ತಾಮ್ರದಿಂದ ಸತ್ತಾವು. ಮೊದಲನೇ ದಿನಾ ಕಣ್ಣ ಹಳದಿ ಆಗಿದ್ದು ಕಂಡೀನಿ, ಭಂಡಾರ ಅಂತ ತಿಳದು ಹೋದ್ನಿ. ಅವತ್ತ ಮುಖಾ ತೊಳದು ನೋಡಿದ್ರ ಒಂದಿಷ್ಟರ ಉಳೀತಿದ್ವು. ನಾ ಡಾಕ್ಟರೂ ಅಲ್ರಿ."

ಯಾರಾದರೂ ಹೊಡೆದಿದ್ದರೆ ಹಗುರಾಗುತ್ತಿತ್ತು. ಮಾಳವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡ ಹಾಗೆ ಹೇಳಿದರು.

"ಒಂದ ದಿನಾನೂ ತಪ್ಪಸಬ್ಯಾಡ ಅಂದಿದ್ರಿ. ನಾ ಒಂದ ದಿನಾನೂ ತಪ್ಪಸಲಿಲ್ರಿ."

ಹಿಂದಿನ ರಾತ್ರಿ ಇನ್ನೊಂದು ಸತ್ತಿತ್ತು; ಅಂದು ಮಧ್ಯಾಹ್ನ ಚಂದ್ರಿ ಸತ್ತು ಲೆಕ್ಕ ಹನ್ನೊಂದಾಯಿತು. ಸತ್ತವುಗಳ ಮಾಂಸ ಯಾರೂ ತಿನ್ನಬಾರದೆಂದು ಆಳವಾದ ಗುಂಡಿ ತೋಡಿಸಿ ಹೂಳಿಸಿದೆವು.

ಉಳಿದ ನಲವತ್ತೊಂಬತ್ತರ ಮೈಯಲ್ಲೂ ಅದೇ ತಾಮ್ರ ತುಂಬಿತ್ತು. ಅವು ಯಾವಾಗ ಬೀಳುತ್ತವೋ ಹೇಳುವಂತಿರಲಿಲ್ಲ. ತಾಮ್ರವನ್ನು ಹಿಡಿದು ಹೊರಹಾಕಲು ಮಾಲಿಬ್ಡಿನಂ ಎಂಬ ಇನ್ನೊಂದು ಲೋಹದ ಲವಣ ಮತ್ತು ಗಂಧಕದ ಲವಣ ಎರಡನ್ನೂ ನೀರಿನಲ್ಲಿ ಕರಗಿಸಿ ಕುಡಿಸಬೇಕು. ಅದೂ ಸಾಸಿವೆಯಷ್ಟೇ, ಅದೂ ಹೆಚ್ಚಾದರೆ ವಿಷ. ಸಾಹೇಬರು ಮಿರಜಿನಿಂದ ತರಿಸಿ, ಪ್ರತಿ ಕುರಿಗೆ ಬೇಕಾದಷ್ಟನ್ನು ತೂಗಿ ಕೊಟ್ಟರು. ಆರು ವಾರ ದಿನಾ ಬೆಳಿಗ್ಗೆ ನಾನು ಹೋಗಿ ಕುಡಿಸಿದೆ. ಓಡಿಸದೆ, ಬೆದರಿಸದೆ, ಒಂದೊಂದನ್ನೇ ಹಿಡಿಯಬೇಕು. ಮಾಳವ್ವ ಹಿಡಿಯುತ್ತಿದ್ದರು. ಕುಡಿಸುವ ಮುಂಚೆ ಪ್ರತಿಯೊಂದರ ಮುಖ ಒದ್ದೆ ಬಟ್ಟೆಯಿಂದ ಒರೆಸಿ ರೆಪ್ಪೆ, ವಸಡು ನೋಡುತ್ತಿದ್ದೆ. ಬೀರಪ್ಪ ನನ್ನ ಗಾಡಿಯ ಸದ್ದು ಕೇಳಿದೊಡನೆ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದ. ಆರು ವಾರದಲ್ಲಿ ಯಾರೂ ನನಗೆ "ಕುಂದ್ರಿ" ಎನ್ನಲಿಲ್ಲ. ಚಹಾದ ಮಾತು ಬಿಡಿ.

ಆ ನಲವತ್ತೊಂಬತ್ತರಲ್ಲಿ ಒಂದೂ ಸಾಯಲಿಲ್ಲ. ಚಂದ್ರಿಯ ಮಗಳೂ ಉಳಿಯಿತು.

ಆರು ವಾರ ಮುಗಿದ ದಿನ "ಸಾಕ್ರಿ ಅವ್ವಾರ" ಎಂದೆ. ಶ್ರಾವಣದಲ್ಲಿ ಹೇಳಬೇಕಿದ್ದ ಮಾತು ಅದು. ಮಾಳವ್ವ ತಲೆ ಅಲ್ಲಾಡಿಸಿದರು, ಅಷ್ಟೇ. ಮುಂದಿನ ವರ್ಷವಿಡೀ ಅವರ ಹಟ್ಟಿಯಿಂದ ಕರೆ ಬರಲಿಲ್ಲ. ಲಸಿಕೆಗೂ ಸಾಹೇಬರನ್ನೇ ಕೇಳಿ ಕರೆದೊಯ್ದರು. ನಾನು ದವಾಖಾನೆಯ ಪುಡಿಯ ಚೀಲಗಳ ಮೇಲೆಲ್ಲ ಕುರಿಯ ಚಿತ್ರ ಬರೆದು, ಅದರ ಮೇಲೆ ಕೆಂಪು ಶಾಯಿಯಿಂದ ಗೀಟು ಎಳೆದು ಕುಳಿತೆ. ನನ್ನ ಕುರಿ ಕತ್ತೆಯ ಹಾಗಿದೆ ಎಂದು ಎಲ್ಲರೂ ನಕ್ಕರು. ನಗಲಿ, ನೋಡಿದರೆ ಸಾಕಿತ್ತು.

ಮರುವರ್ಷದ ಪಾಡ್ಯದ ಬೆಳಿಗ್ಗೆ ನಾನು ರಜೆಯಲ್ಲಿ ಮನೆಯಲ್ಲಿದ್ದೆ. ಅಂಗಳದಲ್ಲಿ ಕುರಿಯ ಸದ್ದು ಕೇಳಿ ಹೊರಬಂದರೆ ಬೀರಪ್ಪ ಮತ್ತು ಮಾಳವ್ವ ಚಂದ್ರಿಯ ಮಗಳನ್ನು ಜೀಪಿನಿಂದ ಇಳಿಸಿಕೊಂಡು ನಿಂತಿದ್ದರು. ಬೆನ್ನಿಗೆ, ಹಣೆಗೆ ಭಂಡಾರ ಬಳಿದಿತ್ತು. ಕಣ್ಣಿನ ಸುತ್ತ ಮಾತ್ರ ಅಂಗೈಯಗಲ ಬಿಟ್ಟು ಸ್ವಚ್ಛವಾಗಿ ಒರೆಸಿದ್ದರು.

"ಎರಡ ದಿನ ಆತ್ರಿ, ಮೇವ ಕಡಿಮಿ ತಿಂತೈತಿ," ಎಂದ ಬೀರಪ್ಪ, ನನ್ನ ಮುಖ ನೋಡದೆ. "ಓಡಸೂಕ್ಕಿಂತ ಮೊದಲ ತೋರಸೂಣು ಅಂತ ಇಕಿ ಗಂಟ ಬಿದ್ಲು."

ಮಾಳವ್ವ ಕುರಿಯ ತಲೆ ನನ್ನ ಕಡೆ ತಿರುಗಿಸಿ ಹಿಡಿದರು. "ಕಣ್ಣಿಗೆ ಭಂಡಾರ ಹಚ್ಚಿಲ್ರಿ. ನೀವು ನೋಡಾಕ ಬಿಟ್ಟೀನಿ. ದೇವ್ರು ಏನೂ ಅನ್ನಾಂಗಿಲ್ಲ."

ರೆಪ್ಪೆ ಎಳೆದೆ. ತಿಳಿಗೆಂಪು. ವಸಡು ನೋಡಿದೆ, ಅದೂ ತಿಳಿಗೆಂಪು. ಏನೂ ಇರಲಿಲ್ಲ, ಅಜೀರ್ಣ ಅಷ್ಟೇ. ಹಾಗೆಂದು ಹೇಳಲು ಬಾಯಿ ತೆರೆದೆ. ನಾನು ಅತ್ತೆ. ಗಂಡಸು ಅಳಬಾರದು ಎನ್ನುವವರು ಬೇಕಾದರೆ ಈ ಸಾಲು ಬಿಟ್ಟು ಓದಿರಿ. ನನ್ನ ಹೆಂಡತಿ ಒಳಗಿನಿಂದ ಕಂಬಳಿ ತಂದು ಹಾಸಿದಳು. ಈ ಸಲ "ಕುಂದ್ರಿ" ಎಂದವನು ನಾನು.

ಈಗ ಎಲ್ಲ ಬದಲಾಗಿದೆ. ಕುರಿಗೆಂದೇ ತಾಮ್ರ ಹಾಕದ ಖನಿಜದ ಇಟ್ಟಿಗೆ ಸಿಗುತ್ತದೆ. ಮಂದಿ ಮೊಬೈಲಿನಲ್ಲಿ ಕಣ್ಣಿನ ಚಿತ್ರ, ಹಿಕ್ಕೆಯ ಚಿತ್ರ ತೆಗೆದು ಕಳಿಸುತ್ತಾರೆ, ನೀವು ಕುರ್ಚಿಯಲ್ಲಿ ಕುಳಿತೇ ಔಷಧಿ ಹೇಳುತ್ತೀರಿ. ಹೇಳಿ, ಬೇಡವೆನ್ನುವುದಿಲ್ಲ. ಆದರೆ ಮೊಬೈಲು ಎಲ್ಲ ಬಣ್ಣವನ್ನೂ ಕೊಂಚ ಹಳದಿ ಮಾಡುತ್ತದೆ, ನೆನಪಿರಲಿ. "ದಿನಾ ಕೊಡಿ" ಎಂದು ಯಾರಿಗಾದರೂ ಹೇಳಿದರೆ "ಸಾಕು" ಎನ್ನಲು ಹೋಗುವ ದಿನವನ್ನೂ ಅವತ್ತೇ ಬರೆದಿಟ್ಟುಕೊಳ್ಳಿ. ನಿಮ್ಮ ಮಾತು ಕೇಳದವರ ಬಗ್ಗೆ ಚಿಂತೆ ಬೇಡ, ಅವರು ಹೇಗೋ ಬದುಕಿಕೊಳ್ಳುತ್ತಾರೆ. ಕೇಳುವವರ ಬಗ್ಗೆ ಹೆದರಿಕೆ ಇರಲಿ.

ಬೀರಪ್ಪ, ಮಾಳವ್ವ ಇಬ್ಬರೂ ಈಗಿಲ್ಲ. ಹಿಂಡು ಮಾಳವ್ವನ ತವರಿನವರಿಗೇ ಮರಳಿತು ಎಂದು ಕೇಳಿದ್ದೆ. ಕಳೆದ ಪಾಡ್ಯದ ದಿನ ಉಟಗಿಯ ಕಡೆ ಎಸ್.ಟಿ. ಬಸ್ಸಿಗೆ ಕಾಯುತ್ತಿದ್ದಾಗ ಒಂದು ಹಿಂಡು ರಸ್ತೆ ದಾಟಿತು. ಕುರಿ ಕಾಯುತ್ತಿದ್ದವಳು ಒಬ್ಬ ಯುವತಿ, ನನಗೆ ಗುರುತಿಲ್ಲದವಳು. ಅವಳ ಊರು ಕೇಳಿದೆ, ಮಾಳವ್ವನ ತವರೂರಲ್ಲ, ಇನ್ನೆಲ್ಲೋ. ಆದರೆ ಪ್ರತಿ ಕುರಿಗೂ ಹಣೆ, ಬೆನ್ನು ಹಳದಿ. ಕಣ್ಣಿನ ಸುತ್ತ ಅಂಗೈಯಗಲ ಖಾಲಿ.

"ಕಣ್ಣಿಗೆ ಯಾಕ ಭಂಡಾರ ಹಚ್ಚಿಲ್ಲವ್ವಾ?" ಎಂದು ಕೇಳಿದೆ.

ಇಷ್ಟೂ ತಿಳಿಯದೇ ಎಂಬಂತೆ ಅವಳು ನನ್ನನ್ನು ನೋಡಿದಳು.

"ಹಚ್ಚಬಾರ್ದ್ರಿ ಅಜ್ಜಾರ. ಓಡಸೂ ಮೊದಲ ಕಣ್ಣ ನೋಡಬೇಕಾಗತೈತಿ. ನಮ್ಮ ಹಿರ್ಯಾರ ಕಾಲದಿಂದ ಇದ ಪದ್ಧತಿ."

ಹೌದಲ್ಲವಾ, ಮರೆತಿದ್ದೆ ಎಂದೆ. ಹಿಂಡು ದಾಟುವ ತನಕ ನಿಂತು ಒಂದೊಂದರ ಕಣ್ಣನ್ನೂ ನೋಡಿದೆ.